ಕಲ್ಲಿನ ನೂಲು

ಆಸ್‌ಬೆಸ್ಟಾಸ್ ಎಂಬುದಕ್ಕೆ ಕನ್ನಡದಲ್ಲಿ ಕಲ್ನಾರು ಎಂಬ ಒಳ್ಳೆಯ ಹೆಸರಿದೆ. ಕಲ್ಲೂ ಹೌದು, ನಾರೂ ಹೌದು. ಹೆಸರಿಟ್ಟವರು ವಸ್ತುವಿನ ಗುಣವನ್ನು ಸರಿಯಾಗಿಯೇ ಕಂಡಿದ್ದರು. ಆದರೆ ನಮ್ಮ ದೊಡ್ಡಬಳ್ಳಾಪುರದಲ್ಲಿ ಈ ಮಾತು ಪುಸ್ತಕದಲ್ಲೇ ಉಳಿದುಕೊಂಡಿತು. ಜನರ ಬಾಯಲ್ಲಿ ನಿಂತದ್ದು ‘ಶೀಟು’. ಶೀಟಿನ ಮನೆ ಬಾಡಿಗೆಗಿದೆ ಎನ್ನುತ್ತಾರೆ, ಮಗ್ಗದ ಶೆಡ್ಡಿಗೆ ಶೀಟು ಹಾಕಿಸಬೇಕು ಎನ್ನುತ್ತಾರೆ, ಕೋತಿ ಹಾರಿ ಶೀಟು ಬಿರುಕು ಬಿಟ್ಟಿತು ಎನ್ನುತ್ತಾರೆ. ಶೀಟು ಎಂದೊಡನೆ ಅದರೊಳಗಿನ ಕಲ್ಲೂ ಮರೆತುಹೋಗುತ್ತದೆ, ನಾರೂ ಮರೆತುಹೋಗುತ್ತದೆ.

ಮರೆತ ಆ ನಾರಿನ ಕಥೆಯನ್ನು ನೇಕಾರರ ಊರಿನಲ್ಲಿ ಕುಳಿತು ಹೇಳುವುದಕ್ಕೆ ಒಂದು ಕಾರಣವಿದೆ. ಕಲ್ನಾರು ಮನುಷ್ಯನ ಎದೆಗೂಡಿಗೆ ಮಾಡುವ ಕೇಡು ಲೋಕಕ್ಕೆ ಮೊದಲು ಗೊತ್ತಾದದ್ದು ನೂಲುವವರಿಂದ ಮತ್ತು ನೇಯುವವರಿಂದ. ಅವರಲ್ಲಿ ಹೆಂಗಸರು ಬಹಳ ಮಂದಿ ಇದ್ದರು. ಸೂರಿನ ಶೀಟಾಗಿ ನಮ್ಮ ಕಡೆಗೆ ಬರುವ ಮೊದಲು ಕಲ್ನಾರು ಅವರ ರಾಟೆಯ ಮೇಲೆ ನೂಲಾಗಿತ್ತು.

ಕಲ್ಲು ನೂಲಾಗುವುದು ಹೇಗೆಂದು ಮಕ್ಕಳು ಕೇಳುವುದುಂಟು. ಕಲ್ನಾರು ಎಂಬುದು ಒಂದೇ ಖನಿಜವಲ್ಲ. ಬಿಳಿ, ನೀಲಿ, ಕಂದು ಎಂದು ಕರೆಯುವ ಬಗೆಗಳೂ ಸೇರಿ ಆರು ಖನಿಜಗಳಿಗೆ ಈ ಹೆಸರು ಸಲ್ಲುತ್ತದೆ. ಬಿಳಿಯದಕ್ಕೆ ಕ್ರೈಸೊಟೈಲ್ ಎನ್ನುತ್ತಾರೆ. ಬಂಡೆಯ ಸಂದುಗಳಲ್ಲಿ ಎಳೆ ಎಳೆಯಾಗಿ ಕಟ್ಟಿಕೊಂಡಿರುವ ಇದನ್ನು ಉಗುರಿನಿಂದ ಕೆರೆದರೆ ಅರಳೆಯಂತೆ ಬಿಡಿಸಿಕೊಳ್ಳುತ್ತದೆ. ಒಂದು ಎಳೆ ಉದ್ದುದ್ದಕ್ಕೆ ಸೀಳಿ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ; ಸೀಳುತ್ತ ಸೀಳುತ್ತ ತಲೆಗೂದಲಿಗಿಂತ ನೂರಾರು ಪಟ್ಟು ತೆಳುವಾಗಿ ಕಣ್ಣಿಗೆ ಕಾಣದಷ್ಟಾಗುತ್ತದೆ. ಬೆಂಕಿಯಲ್ಲಿ ಉರಿಯುವುದಿಲ್ಲ, ನೀರಿನಲ್ಲಿ ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ನಂದಿಸಲಾಗದ್ದು ಎಂಬ ಅರ್ಥದ ಗ್ರೀಕ್ ಮಾತೇ ಆಸ್‌ಬೆಸ್ಟಾಸ್ ಆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯಂತ್ರಗಳು ಎಲ್ಲೆಡೆ ಬಂದಾಗ ಕಾದ ಬಾಯ್ಲರಿಗೆ, ಕೊಳವೆಗಳಿಗೆ ಸುತ್ತಲು ಸುಡದ ಬಟ್ಟೆ ಬೇಕಾಯಿತು. ಹತ್ತಿ ನೂಲುತ್ತಿದ್ದ ಗಿರಣಿಗಳು ಅದೇ ಯಂತ್ರಗಳಲ್ಲಿ ಕಲ್ನಾರನ್ನು ಹಿಂಜಿ, ನೂತು, ನೇಯತೊಡಗಿದವು.

ಅಂಥ ಗಿರಣಿಗಳಿದ್ದ ಒಂದು ಊರು ಇಂಗ್ಲೆಂಡಿನ ರಾಚ್‌ಡೇಲ್. ಸಮಾಜ ವಿಜ್ಞಾನ ಹೇಳಿಕೊಡುವ ನನ್ನಂಥವರಿಗೆ ಈ ಊರಿನ ಹೆಸರು ಹೊಸದಲ್ಲ. 1844ರಲ್ಲಿ ಅಲ್ಲಿನ 28 ಮಂದಿ ನೇಕಾರರೂ ಕುಶಲಕರ್ಮಿಗಳೂ ಸೇರಿ ತೆರೆದ ಅಂಗಡಿಯಿಂದ ಸಹಕಾರ ಚಳವಳಿಯ ಪಾಠ ಶುರುವಾಗುತ್ತದೆ. ಅಲ್ಲಿಂದ 1905ರ ಗದಗ ಸೀಮೆಯ ಕಣಗಿನಹಾಳಕ್ಕೆ ಬಂದು, ನಮ್ಮೂರಿನ ನೇಕಾರರ ಸಹಕಾರ ಸಂಘದವರೆಗೆ ಪಾಠವನ್ನು ಎಳೆದು ತರಬಹುದು. ಆದರೆ ಅದೇ ರಾಚ್‌ಡೇಲಿಗೆ ಪಾಠದಲ್ಲಿ ಬರದ ಇನ್ನೊಂದು ಚರಿತ್ರೆಯೂ ಇದೆ.

ಅದರ ಮೊದಲ ಪುಟವನ್ನು ಬರೆದವರು ಒಬ್ಬ ಹೆಂಗಸು. ಬ್ರಿಟನ್ನಿನ ಮೊದಲ ಮಹಿಳಾ ಕಾರ್ಖಾನೆ ಇನ್ಸ್‌ಪೆಕ್ಟರುಗಳಲ್ಲಿ ಒಬ್ಬರಾದ ಲೂಸಿ ಡೀನ್ 1898ರ ವರದಿಯಲ್ಲಿ, ಧೂಳಿನ ಕಸುಬುಗಳಲ್ಲಿ ಕಲ್ನಾರಿನ ಕೆಲಸವೂ ಕೆಟ್ಟದ್ದೆಂದು ಬರೆದರು. ಸೂಕ್ಷ್ಮದರ್ಶಕದಲ್ಲಿ ಆ ಧೂಳಿನ ಕಣಗಳು ಗಾಜಿನ ಚೂರುಗಳಂತೆ ಮೊನಚಾಗಿ ಕಂಡಿದ್ದವು. ಮರುವರ್ಷ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಮಾಂಟೇಗ್ ಮರ್ರೆ ಅವರ ಬಳಿಗೆ 33 ವರ್ಷದ ಕಾರ್ಮಿಕನೊಬ್ಬ ಏದುಸಿರು ಬಿಡುತ್ತ ಬಂದ. ಕಲ್ನಾರು ಹಿಂಜುವ ಕೋಣೆಯಲ್ಲಿ ತನ್ನ ಜೊತೆಗೆ ದುಡಿದ ಹತ್ತು ಮಂದಿಯೂ ತೀರಿಕೊಂಡರು, ಉಳಿದವನು ತಾನೊಬ್ಬನೇ ಎಂದು ಹೇಳಿದ. 1900ರಲ್ಲಿ ಅವನೂ ತೀರಿಕೊಂಡ. ಆ ಹತ್ತು ಮಂದಿಯ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಲೆಕ್ಕವೆಲ್ಲ ಒಬ್ಬ ರೋಗಿಯ ನೆನಪಿನಲ್ಲಿತ್ತು, ಅವನು ಹೋದ ಮೇಲೆ ಡಾಕ್ಟರರ ಟಿಪ್ಪಣಿಯಲ್ಲಿ ಉಳಿಯಿತು.

ಮುಂದಿನ ಹೆಸರು ನೆಲ್ಲಿ ಕರ್ಷಾ. ರಾಚ್‌ಡೇಲಿನ ಗಿರಣಿಯಲ್ಲಿ ಕಲ್ನಾರು ನೂಲುತ್ತಿದ್ದವಳು. ಎಳೆಯ ವಯಸ್ಸಿನಲ್ಲೇ ಈ ಕೆಲಸಕ್ಕೆ ಸೇರಿ ಉಸಿರು ಕಟ್ಟುವ ರೋಗ ಹಿಡಿದು ಮನೆ ಸೇರಿದಳು. ಇದು ಕಲ್ನಾರಿನಿಂದ ಬಂದ ಕಾಯಿಲೆ ಎಂದು ಊರಿನ ಡಾಕ್ಟರು ಬರೆದುಕೊಟ್ಟರು. ಪರಿಹಾರ ಕೊಡಬೇಕಾದ ರೋಗಗಳ ಪಟ್ಟಿಯಲ್ಲಿ ಅಂಥ ಕಾಯಿಲೆಯೇ ಇಲ್ಲವೆಂದು ಗಿರಣಿಯವರು ಕೈತೊಳೆದುಕೊಂಡರು. 1924ರ ಮಾರ್ಚಿಯಲ್ಲಿ ಅವಳು ಸತ್ತಾಗ ವಯಸ್ಸು 33. ಹೂಳಿದ ಜಾಗಕ್ಕೆ ಒಂದು ಕಲ್ಲನ್ನೂ ನೆಡಲಿಲ್ಲ. ಶವಪರೀಕ್ಷೆ ಮಾಡಿದ ಡಬ್ಲ್ಯೂ. ಇ. ಕುಕ್ ಎಂಬ ಡಾಕ್ಟರು ಅವಳ ಶ್ವಾಸಕೋಶದಲ್ಲಿ ಕಲ್ನಾರಿನ ಕಣಗಳನ್ನು ಕಂಡು ಅದೇ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1927ರಲ್ಲಿ ರೋಗಕ್ಕೆ ಆಸ್‌ಬೆಸ್ಟೋಸಿಸ್ ಎಂಬ ಹೆಸರು ಬಂತು. ಶ್ವಾಸಕೋಶದ ಮೆತ್ತನೆಯ ಅಂಗಾಂಶ ಗಾಯವಾಗಿ, ಮಾಯ್ದು, ಮತ್ತೆ ಗಾಯವಾಗಿ ಕಡೆಗೆ ಗಟ್ಟಿಯಾಗಿಬಿಡುವ ರೋಗವಿದು.

ಆಮೇಲೆ ಸರ್ಕಾರ ಎಚ್ಚೆತ್ತುಕೊಂಡಿತು. ಮೆರೆವೆದರ್ ಮತ್ತು ಪ್ರೈಸ್ ಎಂಬ ಅಧಿಕಾರಿಗಳು 363 ಮಂದಿ ಕಲ್ನಾರು ಕಾರ್ಮಿಕರನ್ನು ಪರೀಕ್ಷಿಸಿ 95 ಮಂದಿಗೆ ರೋಗವಿದೆಯೆಂದು 1930ರಲ್ಲಿ ವರದಿ ಕೊಟ್ಟರು. ಕೆಲಸದ ವರ್ಷಗಳು ಹೆಚ್ಚಿದಷ್ಟೂ ರೋಗ ಹೆಚ್ಚಿತ್ತು. 1931ರಲ್ಲಿ ಧೂಳು ತಡೆಯುವ ಕಾನೂನು ಬಂತು. ಕ್ಯಾನ್ಸರಿನ ಸಂಗತಿ ಖಚಿತವಾಗಲು ಇನ್ನೂ ಕಾಲು ಶತಮಾನ ಬೇಕಾಯಿತು. ರಿಚರ್ಡ್ ಡಾಲ್ ಅವರು ರಾಚ್‌ಡೇಲಿನ ಗಿರಣಿಯಲ್ಲಿ 20 ವರ್ಷಕ್ಕೂ ಹೆಚ್ಚು ದುಡಿದ 113 ಗಂಡಸರ ದಾಖಲೆ ಹಿಡಿದು ಲೆಕ್ಕ ಹಾಕಿದರು. ಸಾಮಾನ್ಯ ಜನರ ಲೆಕ್ಕದಲ್ಲಿ ಅವರೊಳಗೆ ಶ್ವಾಸಕೋಶದ ಕ್ಯಾನ್ಸರಿಗೆ ಒಬ್ಬರೂ ಪೂರ್ತಿ ಬಲಿಯಾಗಬಾರದಿತ್ತು. ಬರಬೇಕಾದ ಅಂಕಿ 0.8. ಸತ್ತವರು 11 ಮಂದಿ. 1955ರಲ್ಲಿ ಇದು ಅಚ್ಚಾಯಿತು.

ಈ ಇಡೀ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ನಾಟಿದ ಸಂಗತಿ ಒಂದು. ಪ್ರತಿಯೊಂದು ಹೆಜ್ಜೆಯೂ ಯಾರೋ ಬರೆದಿಟ್ಟ ಒಂದು ಪುಸ್ತಕದ ಮೇಲೆ ನಿಂತಿದೆ. ಇಂಥವರು, ಇಂಥ ಕೆಲಸ, ಇಷ್ಟು ವರ್ಷ ಎಂಬ ಮೂರು ಕಾಲಮ್ಮುಗಳಿರುವ ಪುಸ್ತಕ. ಅದಿಲ್ಲದಿದ್ದರೆ ಆ 11 ಸಾವುಗಳೂ ಹನ್ನೊಂದು ಮನೆಗಳ ಹಣೆಬರಹವಾಗಿ ಹೋಗುತ್ತಿದ್ದವು.

ಇದಕ್ಕೆ ಕಾರಣ ರೋಗದ ಸ್ವಭಾವದಲ್ಲೇ ಇದೆ. ಉಸಿರಿನೊಡನೆ ಒಳಹೋದ ಧೂಳನ್ನು ದೇಹ ಕೆಮ್ಮಿ ಹೊರಹಾಕುತ್ತದೆ, ಅಥವಾ ರಕ್ಷಕ ಕಣಗಳು ಅದನ್ನು ನುಂಗಿ ಕರಗಿಸುತ್ತವೆ. ಕಲ್ನಾರಿನ ಉದ್ದನೆಯ ಎಳೆ ಆ ಕಣಗಳ ಬಾಯಿಗೆ ಹಿಡಿಯುವುದಿಲ್ಲ. ಅರ್ಧ ನುಂಗಿದ ಕಣ ಸಾಯುತ್ತದೆ, ಎಳೆ ಅಲ್ಲೇ ಉಳಿಯುತ್ತದೆ, ಸುತ್ತಲಿನ ಜಾಗ ವರ್ಷಾನುಗಟ್ಟಲೆ ಕೆರಳಿಕೊಂಡೇ ಇರುತ್ತದೆ. ಕ್ಯಾನ್ಸರ್ ತಲೆದೋರಲು ಸಾಮಾನ್ಯವಾಗಿ 20ರಿಂದ 40 ವರ್ಷ ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಹಾವು ಕಚ್ಚಿದರೆ ಹಾವನ್ನು ಕಂಡವರಿರುತ್ತಾರೆ. ಇಪ್ಪತ್ತೈದರ ಹರೆಯದಲ್ಲಿ ಕಚ್ಚಿದ್ದು ಅರವತ್ತರಲ್ಲಿ ವಿಷವೇರಿದರೆ ಕಚ್ಚಿದ್ದು ಏನೆಂದು ಯಾರು ಹೇಳಬೇಕು?

ಉಪ್ಪು ತಿಂದವನು ನೀರು ಕುಡಿಯಬೇಕು ಎಂಬ ನ್ಯಾಯವೂ ಇಲ್ಲಿ ನಡೆಯುವುದಿಲ್ಲ. ದಕ್ಷಿಣ ಆಫ್ರಿಕದ ವಾಯವ್ಯ ಭಾಗದಲ್ಲಿ ನೀಲಿ ಕಲ್ನಾರಿನ ಗಣಿಗಳಿದ್ದವು. ಶ್ವಾಸಕೋಶವನ್ನು ಸುತ್ತಿರುವ ತೆಳು ಪೊರೆಗೆ ಬರುವ ಮೀಸೋಥೀಲಿಯೋಮಾ ಎಂಬ ಅಪರೂಪದ ಕ್ಯಾನ್ಸರಿನ 33 ರೋಗಿಗಳ ವಿವರವನ್ನು ಜೆ. ಸಿ. ವ್ಯಾಗ್ನರ್ ಮತ್ತು ಜೊತೆಗಾರರು 1960ರಲ್ಲಿ ಪ್ರಕಟಿಸಿದರು. ಅವರಲ್ಲಿ ಹಲವರು ಗಣಿಗೆ ಇಳಿದವರೇ ಅಲ್ಲ. ಗಣಿಯ ಸುತ್ತಮುತ್ತ ಬಾಲ್ಯ ಕಳೆದವರು, ಅಲ್ಲಿ ಸಂಸಾರ ಮಾಡಿದ ಹೆಂಗಸರು. 1965ರಲ್ಲಿ ಲಂಡನ್ನಿನ ಮ್ಯೂರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ಎಂಬ ಇಬ್ಬರು ವೈದ್ಯೆಯರು ಇದೇ ರೋಗದ 76 ಮಂದಿಯ ಜೀವನವನ್ನು ಹಿಂದಕ್ಕೆ ಹುಡುಕಿಕೊಂಡು ಹೋದರು. ಎಲ್ಲೆಲ್ಲಿ ದುಡಿದರು, ಎಲ್ಲೆಲ್ಲಿ ವಾಸವಿದ್ದರು ಎಂದು ಮನೆಯವರನ್ನು ಕೇಳಿ ಬರೆದುಕೊಂಡರು. ಗಂಡನ ಕೆಲಸದ ಬಟ್ಟೆ ಕೊಡವಿ ಒಗೆದದ್ದರ ಹೊರತು ಕಲ್ನಾರಿನ ಸಂಬಂಧವೇ ಇಲ್ಲದ ಹೆಂಡತಿಯರು ಆ ಪಟ್ಟಿಯಲ್ಲಿ ಸಿಕ್ಕರು. ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ಮನೆ ಮಾಡಿದ್ದವರೂ ಸಿಕ್ಕರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆಂದು ತೀರ್ಮಾನಿಸಿದೆ. ಶ್ವಾಸಕೋಶ ಮತ್ತು ಅದರ ಪೊರೆಯ ಜೊತೆಗೆ ಧ್ವನಿಪೆಟ್ಟಿಗೆ, ಹೆಂಗಸರ ಅಂಡಾಶಯ ಇವುಗಳ ಕ್ಯಾನ್ಸರನ್ನೂ ಅದು ಈ ಲೆಕ್ಕಕ್ಕೆ ಸೇರಿಸಿದೆ. ಕೆಲಸದಲ್ಲಿ ಕಲ್ನಾರಿನ ಸೋಂಕು ತಗುಲಿದ್ದರಿಂದ ಪ್ರಪಂಚದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂಬುದು ಅದೇ ಸಂಸ್ಥೆಯ ಅಂದಾಜು.

ನೂಲಾಗಿದ್ದ ಕಲ್ಲು ಸೂರಾದದ್ದು ಹೇಗೆ ಎಂಬುದನ್ನೂ ಹೇಳಬೇಕು. ಆಸ್ಟ್ರಿಯದ ಲುಡ್ವಿಗ್ ಹಾಟ್ಶೆಕ್ ಎಂಬಾತ ಕಲ್ನಾರನ್ನು ಸಿಮೆಂಟಿನೊಡನೆ ನೀರಿನಲ್ಲಿ ಕಲಸಿ ತೆಳುವಾದ ಹಲಗೆ ಮಾಡುವ ವಿಧಾನ ಕಂಡುಹಿಡಿದು 1901ರಲ್ಲಿ ಪೇಟೆಂಟು ಪಡೆದ. ಅದಕ್ಕೆ ಶಾಶ್ವತ ಎಂಬ ಅರ್ಥ ಬರುವಂತೆ ಎಟರ್ನಿಟ್ ಎಂದು ಹೆಸರಿಟ್ಟ. ಭಾರತದಲ್ಲಿ 1934ರಲ್ಲಿ ಮಧ್ಯಪ್ರದೇಶದ ಕೈಮೂರಿನಲ್ಲಿ ಇಂಥ ಕಾರ್ಖಾನೆ ಶುರುವಾಯಿತು. 1946ರಲ್ಲಿ ಹೈದರಾಬಾದಿನಲ್ಲಿ ಇನ್ನೊಂದು ಕಂಪನಿ ಹುಟ್ಟಿತು. ಅದರ ಚಾರ್‌ಮಿನಾರ್ ಶೀಟು ನಮ್ಮ ಕಡೆಯ ಅಂಗಡಿಗಳಲ್ಲಿ ಮನೆಮಾತಾಯಿತು.

ಶೀಟನ್ನು ಬರಿದೇ ಬೈಯುವುದು ನ್ಯಾಯವಲ್ಲ. ನಮ್ಮ ಸೀಮೆಯ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ, ನಾಡಹೆಂಚು, ಬಡವರಿಗೆ ಹುಲ್ಲು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹೆಂಚು ಬಂತು. ಹೆಂಚಿಗೆ ತೊಲೆ ಬೇಕು, ಒತ್ತಾಗಿ ರೀಪರು ಬೇಕು, ಮಳೆಗಾಲಕ್ಕೆ ಮುಂಚೆ ಕೈಯಾಡಿಸಬೇಕು. ಶೀಟಿಗೆ ನಾಲ್ಕು ಕೊಳವೆ ಸಾಕು. ಒಂದೇ ದಿನದಲ್ಲಿ ಸೂರು ಸಿದ್ಧ. ಗುಡಿಸಲಿಗೆ ಬೆಂಕಿ ಬಿದ್ದುದನ್ನು ಕಂಡವರಿಗೆ ಸುಡದ ಸೂರು ದೊಡ್ಡ ಧೈರ್ಯ. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದು, ಮನೆಯ ಪಕ್ಕದಲ್ಲೇ ಎರಡು ಮಗ್ಗ ನಾಲ್ಕು ಮಗ್ಗ ಹಾಕಿಕೊಂಡ ನೇಕಾರನಿಗೆ ಅಗ್ಗದ ಸೂರು ಬೇಕಾಗಿತ್ತು, ಸಿಕ್ಕಿತು. ಶೀಟಿನಲ್ಲಿ ಬಹುಪಾಲು ಸಿಮೆಂಟೇ. ಬಿಳಿ ಕಲ್ನಾರು ಹತ್ತರಲ್ಲಿ ಒಂದು ಪಾಲಿನಷ್ಟು. ಗಟ್ಟಿಯಾಗಿ ಕೂತ ಶೀಟು ತಲೆಯ ಮೇಲಿದ್ದ ಮಾತ್ರಕ್ಕೆ ಮನೆಮಂದಿಗೆಲ್ಲ ರೋಗ ಬರುತ್ತದೆಂದು ಹೆದರಬೇಕಿಲ್ಲ. ಸಿಮೆಂಟು ಹಿಡಿದಿಟ್ಟ ನಾರು ಬಿಡುಗಡೆಯಾಗುವುದು ಶೀಟನ್ನು ಗರಗಸದಿಂದ ಕೊಯ್ಯುವಾಗ, ತೂತು ಕೊರೆಯುವಾಗ, ಒಡೆಯುವಾಗ, ಪಾಚಿ ಕಟ್ಟಿದ ಹಳೆಯ ಶೀಟನ್ನು ತಂತಿ ಬ್ರಷ್ಷಿನಿಂದ ಉಜ್ಜುವಾಗ. ಬಿಸಿಲು ಮಳೆಗೆ ಸಿಮೆಂಟು ಸವೆದು ನಾರು ಮೇಲೆದ್ದಾಗ ಕೂಡ. ಇಷ್ಟು ಧೂಳಿನವರೆಗೆ ಕ್ಯಾನ್ಸರಿನ ಭಯವಿಲ್ಲ ಎಂಬ ಗೆರೆಯನ್ನು ವಿಜ್ಞಾನ ಇಂದಿಗೂ ಎಳೆದಿಲ್ಲ.

ಕಲ್ನಾರು ನಮ್ಮ ನಾಡಿನ ನೆಲದಲ್ಲೂ ಇದೆ. ರಾಜಸ್ಥಾನವನ್ನು ಬಿಟ್ಟರೆ ದೇಶದಲ್ಲಿ ಹೆಚ್ಚಿನ ನಿಕ್ಷೇಪ ಕರ್ನಾಟಕದ್ದು. ಹಾಸನ ಜಿಲ್ಲೆಯ ಹೊಳೆನರಸೀಪುರದ ಬಂಡೆಗಳು ಇದಕ್ಕೆ ಹೆಸರಾದವು. ಕೇಂದ್ರ ಸರ್ಕಾರ 1986ರಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು, 1993ರಲ್ಲಿ ಹಳೆಯ ಗುತ್ತಿಗೆಗಳ ನವೀಕರಣವನ್ನೂ ನಿಲ್ಲಿಸಿತು. ಅಗೆಯುವುದು ಅಪಾಯವೆಂದು ಒಪ್ಪಿಕೊಂಡಂತಾಯಿತು. ಆದರೆ ಶೀಟಿನ ಕಾರ್ಖಾನೆಗಳಿಗೆ ರಷ್ಯ, ಕಜಕಸ್ತಾನ, ಬ್ರೆಜಿಲ್ ಮುಂತಾದ ಕಡೆಗಳಿಂದ ಕಲ್ನಾರು ಹಡಗಿನಲ್ಲಿ ಬರುತ್ತಲೇ ಹೋಯಿತು, ಈಚಿನ ವರ್ಷಗಳಲ್ಲಿ ಮೂರು ಲಕ್ಷ ಟನ್ನಿಗೂ ಮೇಲೆ. ಬ್ರಿಟನ್ 1999ರಲ್ಲಿ, ಯುರೋಪಿನ ಒಕ್ಕೂಟ 2005ರಲ್ಲಿ, ಒಂದು ಕಾಲಕ್ಕೆ ಲೋಕಕ್ಕೆಲ್ಲ ಕಲ್ನಾರು ಮಾರಿದ ಕೆನಡಾ 2018ರಲ್ಲಿ ಇದನ್ನು ನಿಷೇಧಿಸಿದವು. 2024ರಲ್ಲಿ ಅಮೆರಿಕವೂ ಬಿಳಿ ಕಲ್ನಾರಿಗೆ ನಿಷೇಧ ಹೇಳಿತು.

ನಮ್ಮ ದೇಶದಲ್ಲಿ ದೊಡ್ಡ ಮಾತು ಹೊರಟದ್ದು ಸುಪ್ರೀಂ ಕೋರ್ಟಿನಿಂದ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ 1986ರಲ್ಲಿ ಹಾಕಿದ ಅರ್ಜಿಗೆ 1995ರ ಜನವರಿ 27ರಂದು ತೀರ್ಪು ಬಂತು. ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗವೆಂದು ನ್ಯಾಯಾಲಯ ಹೇಳಿತು. ರೋಗ ಖಚಿತವಾದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ನನ್ನ ಕಣ್ಣಿಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು ಆದೇಶ. ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾರ್ಖಾನೆ ಕಾಪಾಡಬೇಕು. ರೋಗ ಎಷ್ಟು ದೀರ್ಘಕಾಲ ಅಡಗಿ ಕೂತಿರುತ್ತದೆಂದು ಅರಿತವರು ಮಾತ್ರ ಕೊಡಬಲ್ಲ ಆದೇಶವಿದು. ಆಸ್‌ಬೆಸ್ಟೋಸಿಸ್ ಕಂಡ ಡಾಕ್ಟರು ಕಾರ್ಖಾನೆಗಳ ಇಲಾಖೆಗೆ ತಿಳಿಸಲೇಬೇಕೆಂದು ಕಾರ್ಖಾನೆಗಳ ಕಾಯಿದೆಯೂ ಹೇಳುತ್ತಿತ್ತು.

ಆದರೆ ಈ ರಕ್ಷಣೆಯೆಲ್ಲ ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ. ಶೀಟು ಕಾರ್ಖಾನೆಯ ಗೇಟು ದಾಟಿ ತೇರಿನ ಬೀದಿಗೆ ಬಂದ ಮೇಲೆ ಅದನ್ನು ಅಳತೆಗೆ ಕೊಯ್ಯುವವನು ಗಾರೆ ಕೆಲಸದವನು. ಬೋಲ್ಟು ಹಾಕಲು ತೂತು ಕೊರೆಯುವವನು ಅವನ ಜೊತೆಗೆ ಬಂದ ಹುಡುಗ. ಕೆಳಗೆ ಬಿದ್ದ ಪುಡಿಯನ್ನು ಗುಡಿಸುವವಳು ಮನೆಯಾಕೆ. ಹಳೆಯ ಶೀಟನ್ನು ಒಡೆದು ಗುಂಡಿ ಮುಚ್ಚುವವರು ಮತ್ತೆ ಯಾರೋ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಉದ್ಯೋಗ ಎಂಬ ಕಾಲಮ್ಮಿದೆ. ಅದರಲ್ಲಿ ‘ನೇಯ್ಗೆ’ ಇದೆ, ‘ವ್ಯವಸಾಯ’ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ‘ಕೂಲಿ’ ಇದೆ. ಕೂಲಿ ಎಂಬ ಎರಡಕ್ಷರದ ಒಳಗೆ ಕಲ್ಲು ಒಡೆದವನೂ ಇದ್ದಾನೆ, ಹೂವಿನ ತೋಟದಲ್ಲಿ ಔಷಧ ಹೊಡೆದವನೂ ಇದ್ದಾನೆ, ಹತ್ತು ವರ್ಷ ಶೀಟು ಕೊಯ್ದವನೂ ಇದ್ದಾನೆ. ಮೂವತ್ತು ವರ್ಷದ ನಂತರ ಆಸ್ಪತ್ರೆಯ ಚೀಟಿಯಲ್ಲಿ ಕೆಲಸವೇನೆಂದು ಕೇಳಿದರೂ ಬರುವ ಉತ್ತರ ಅದೇ ಎರಡಕ್ಷರ.

ಹಾಗೆಂದು ಎಣಿಸುವವರಿಲ್ಲವೆಂದಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಗಂಥಿ ಸಂಸ್ಥೆ ಆರಂಭವಾಯಿತು. 1982ರಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡಲಾಗುತ್ತಿದೆ. ದೇಶದ ಕ್ಯಾನ್ಸರ್ ನೋಂದಣಿಗಳನ್ನೆಲ್ಲ ಒಟ್ಟುಗೂಡಿಸುವ ಕೇಂದ್ರ ಇರುವುದು ನಮ್ಮದೇ ಜಿಲ್ಲೆಯಲ್ಲಿ, ದೇವನಹಳ್ಳಿ ತಾಲ್ಲೂಕಿನ ಕನ್ನಮಂಗಲದ ಬಳಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆವರಣದಲ್ಲಿ. ಕಸುಬಿನಿಂದ ಬರುವ ರೋಗಗಳನ್ನು ಅಭ್ಯಾಸ ಮಾಡುವ ದಕ್ಷಿಣ ಭಾರತದ ಕೇಂದ್ರ ಇರುವುದೂ ಅದೇ ಆವರಣದಲ್ಲಿ. ಕ್ಯಾನ್ಸರ್ ಎಣಿಸುವವರೂ ಕಸುಬು ನೋಡುವವರೂ ಒಂದೇ ಕಾಂಪೌಂಡಿನಲ್ಲಿದ್ದಾರೆ, ನಮ್ಮೂರಿನಿಂದ ಒಂದು ಗಳಿಗೆಯ ಬಸ್ಸಿನ ದಾರಿ. ರೋಗಿಯ ಬಾಯಿಂದ ‘ಕೂಲಿ’ ಎಂಬುದಕ್ಕಿಂತ ಹೆಚ್ಚಿನ ಮಾತು ಹೊರಡದಿದ್ದರೆ ಅವರಾದರೂ ಏನನ್ನು ಯಾವುದಕ್ಕೆ ಜೋಡಿಸಿಯಾರು?

ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ಶೀಟನ್ನು ತೆಗೆಸುವುದಾದರೆ ನೀರು ಹೊಡೆದು ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಬೇಕು. ಮಿಷನ್ನಿನ ಗರಗಸ ಹಿಡಿಯಬಾರದು. ಬಿದ್ದ ಪುಡಿಯನ್ನು ಒಣಗಿದ್ದಾಗ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮೂಗಿಗೆ ಕಟ್ಟಿದ ಟವೆಲು ಇಷ್ಟು ತೆಳುವಾದ ನಾರನ್ನು ತಡೆಯುವುದಿಲ್ಲ. ಕೆಲಸದ ಬಟ್ಟೆಯನ್ನು ಕೊಡವದೆ ಬೇರೆಯಾಗಿ ನೀರಿಗೆ ಹಾಕಬೇಕು. ಒಡೆದ ಚೂರುಗಳು ಮಕ್ಕಳ ಆಟಕ್ಕೆ ಸಿಗಬಾರದು. ಬೀಡಿ ಸಿಗರೇಟು ಸೇದುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಅಮೆರಿಕದಲ್ಲಿ 1979ರಲ್ಲಿ ಪ್ರಕಟವಾದ ಅಧ್ಯಯನದಂತೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಕಲ್ನಾರೊಂದರಿಂದ ಸುಮಾರು 5 ಪಟ್ಟು, ಹೊಗೆಸೊಪ್ಪೊಂದರಿಂದ ಸುಮಾರು 11 ಪಟ್ಟು. ಎರಡೂ ಸೇರಿದರೆ 50 ಪಟ್ಟಿಗೂ ಮೇಲೆ. ಇಲ್ಲಿ ಎರಡು ಕೇಡುಗಳು ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತವೆ. ಕಲ್ನಾರಿನ ಕೆಲಸ ಮಾಡಿದವನು ಬೀಡಿ ಬಿಟ್ಟರೆ ಅವನಿಗೆ ಆಗುವ ಲಾಭ ಉಳಿದವರಿಗಿಂತ ದೊಡ್ಡದು. ಶಾಲೆಗಳ ಮಾತು ಹೇಳುವುದಾದರೆ, ಕೇರಳದ ಮಾನವ ಹಕ್ಕುಗಳ ಆಯೋಗ 2009ರಲ್ಲಿ ಶಾಲೆಗಳ ಆಸ್‌ಬೆಸ್ಟಾಸ್ ಸೂರನ್ನು ಬದಲಿಸಿ ಹೆಂಚು ಹಾಕಬೇಕೆಂದು ಹೇಳಿತು. ಶೀಟಿನ ಕೆಳಗೆ ಪಾಠ ನಡೆಯುವ ಕಡೆ ಅದು ಆಗುವವರೆಗೆ ತೋರಣ, ಫ್ಯಾನು ಎಂದು ಶೀಟಿಗೆ ತೂತು ಕೊರೆಯದಿದ್ದರೂ ಆದೀತು.

ಇವೆಲ್ಲಕ್ಕೂ ಜೊತೆಗೆ ಇನ್ನೊಂದು ಕೆಲಸವಿದೆ. ಅದಕ್ಕೆ ಬೇಕಾದದ್ದು ಒಂದು ಪೆನ್ನು. ಶೀಟಿನ ಕೆಲಸ ಮಾಡಿದವರ ಮನೆಯಲ್ಲಿ ಓದು ಬರಹ ಬಲ್ಲ ಮಗನೋ ಮಗಳೋ ಸೊಸೆಯೋ ಇದ್ದೇ ಇರುತ್ತಾರೆ. ಅವರು ಅಪ್ಪನನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆಯಲಿ. ಯಾವ ಇಸವಿ, ಯಾವ ಊರು, ಯಾರ ಕೈಕೆಳಗೆ, ಕೊಯ್ದದ್ದೋ ಇಳಿಸಿದ್ದೋ ಒಡೆದದ್ದೋ, ಎಷ್ಟು ತಿಂಗಳು. ಆ ದಿನಗಳಲ್ಲಿ ಬಟ್ಟೆ ಒಗೆದ ಅಮ್ಮನ ಹೆಸರನ್ನೂ ಅದೇ ಹಾಳೆಯಲ್ಲಿ ಬರೆಯಲಿ. ಅದನ್ನು ರೇಷನ್ ಕಾರ್ಡಿನ ಜೊತೆಗೆ ಇಟ್ಟು, ಕೆಮ್ಮು ದಮ್ಮು ಎಂದು ಆಸ್ಪತ್ರೆಗೆ ಹೋದಾಗ ಕೇಳದಿದ್ದರೂ ಡಾಕ್ಟರ ಮೇಜಿನ ಮೇಲೆ ಇಡಲಿ.